ಬೆಲ್ಲದ ಕೊಪ್ಪರಿಗೆಯಲ್ಲಿ ನೊರೆಯ ಕೆಲಸ

ತುಂಗಭದ್ರೆಯ ಬಲದಂಡೆಯಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿಗಳ ಸುತ್ತಣ ಬಯಲಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ ಮೊದಲಾದವುಗಳ ಆಸರೆಯಲ್ಲಿ ಬತ್ತ, ಬಾಳೆಗಳೊಡನೆ ಕಬ್ಬೂ ಬೆಳೆಯುತ್ತದೆ. ಈ ಕಬ್ಬಿನ ಒಂದು ಪಾಲು ಸಕ್ಕರೆ ಕಾರ್ಖಾನೆಗಳಿಗೆ ಹೋದರೆ ಇನ್ನೊಂದು ಪಾಲು ಆಲೆಮನೆಗಳಲ್ಲಿ ಬೆಲ್ಲವಾಗುತ್ತದೆ.

ಆಲೆಮನೆಯಲ್ಲಿ ಕೊಪ್ಪರಿಗೆಯ ಬಳಿ ನಿಂತು ನೋಡಿದರೆ, ಒಲೆಗೆ ಉರಿ ಹಾಕಿದ ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪುಮಿಶ್ರಿತ ಹಸುರು ಬಣ್ಣದ ದಪ್ಪ ನೊರೆಯು ರಸದ ಮೇಲೆ ಹರಡಿಕೊಳ್ಳುವುದು ಕಾಣುತ್ತದೆ. ಕೆಲಸಗಾರನು ಉದ್ದ ಹಿಡಿಯ ತೂತುಗಳುಳ್ಳ ಸೌಟಿನಿಂದ ಅದನ್ನು ಎತ್ತಿ ಹೊರಗೆ ಹಾಕುತ್ತಾನೆ. ಕೊಳೆಯು ನೊರೆಯೊಡನೆ ಮೇಲಕ್ಕೆ ಬರುವುದೇಕೆ? ಸಿಹಿಯು ಮಾತ್ರ ಕೆಳಗೆ ಉಳಿಯುವುದೇಕೆ? ಈ ಎರಡು ಪ್ರಶ್ನೆಗಳ ಉತ್ತರವನ್ನು ಈಗ ಪರಿಶೀಲಿಸೋಣ. ಬೆಲ್ಲದ ಬಣ್ಣ, ಬಾಳಿಕೆ, ಅದನ್ನು ತಿನ್ನುವವರ ಆರೋಗ್ಯ, ಇವೆಲ್ಲವೂ ಈ ಉತ್ತರವನ್ನು ಅವಲಂಬಿಸಿವೆ.

ರಸದಲ್ಲಿ ಏನಿದೆ?

ಗಾಣದಿಂದ ಇಳಿಯುವ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ ಇರುತ್ತದೆ. ಉಳಿದುದರಲ್ಲಿ ಹೆಚ್ಚಿನದು ಸುಕ್ರೋಸ್ ಎಂಬ ಸಕ್ಕರೆ. ಇದರೊಂದಿಗೆ ಅಲ್ಪ ಪ್ರಮಾಣದಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್, ಪ್ರೋಟೀನುಗಳು, ಅಂಟುಪದಾರ್ಥಗಳು, ಕಬ್ಬಿನ ಸಿಪ್ಪೆಯ ಮೇಣ, ಬಣ್ಣ ಕೊಡುವ ವಸ್ತುಗಳು, ಖನಿಜ ಲವಣಗಳು, ಮಣ್ಣಿನ ಕಣಗಳು ಹಾಗೂ ನಾರಿನ ಪುಡಿ ಇರುತ್ತವೆ. ಮಣ್ಣು ಮತ್ತು ನಾರುಗಳನ್ನು ಬಟ್ಟೆಯಲ್ಲಿ ಸೋಸಿ ಬಹುಮಟ್ಟಿಗೆ ತೆಗೆಯಬಹುದು. ಆದರೆ ಪ್ರೋಟೀನು ಮತ್ತು ಅಂಟುಗಳ ಕಣಗಳು ಅತ್ಯಂತ ಸೂಕ್ಷ್ಮವಾದವು. ಅವು ಬಟ್ಟೆಯ ಸಂದುಗಳಲ್ಲಿ ಸಲೀಸಾಗಿ ನುಸುಳಿಹೋಗುತ್ತವೆ. ಇವನ್ನು ಹಿಡಿಯಲು ಬೇರೊಂದು ಬಲೆ ಬೇಕು. ನೊರೆಯೇ ಆ ಬಲೆ.

ನೊರೆಯು ಕೊಳೆಯನ್ನೇ ಆರಿಸಿಕೊಳ್ಳುವುದೇಕೆ?

ಪ್ರೋಟೀನಿನ ಅಣುವಿನಲ್ಲಿ ಎರಡು ಬಗೆಯ ಭಾಗಗಳಿವೆ. ಕೆಲವು ಭಾಗಗಳು ನೀರಿನೊಡನೆ ಸ್ನೇಹದಿಂದಿರುತ್ತವೆ. ಕೆಲವು ನೀರನ್ನು ದೂರವಿಡುತ್ತವೆ. ಇಂಥ ಅಣುವಿಗೆ ನೀರಿನ ನಡುವೆ ಇರುವುದಕ್ಕಿಂತ ನೀರೂ ಗಾಳಿಯೂ ಕೂಡುವ ಗಡಿಯಲ್ಲಿ ಇರುವುದೇ ಅನುಕೂಲ. ಒಂದು ಭಾಗವನ್ನು ನೀರಿನೊಳಗಿಟ್ಟು, ಇನ್ನೊಂದನ್ನು ಗಾಳಿಯ ಕಡೆಗೆ ಚಾಚಿ ಅದು ಅಲ್ಲಿ ನೆಲೆಗೊಳ್ಳುತ್ತದೆ. ಪ್ರತಿಯೊಂದು ಗುಳ್ಳೆಯ ಮೈಯೂ ಇಂಥದೊಂದು ಗಡಿಯೇ ಆಗಿದೆ. ಆದುದರಿಂದ ಗುಳ್ಳೆಯು ಮೇಲಕ್ಕೇರುವಾಗ ತನ್ನ ಮೈಗೆ ಅಂಟಿದ ಪ್ರೋಟೀನನ್ನೂ ಹೊತ್ತು ತರುತ್ತದೆ. ಗುಳ್ಳೆಗಳು ಸಣ್ಣವಾದಷ್ಟೂ ಅವುಗಳ ಒಟ್ಟು ಮೈ ವಿಸ್ತಾರವಾಗಿ ಹೊರುವ ಶಕ್ತಿಯೂ ಹೆಚ್ಚುತ್ತದೆ. ಸಕ್ಕರೆಯ ಅಣುವಾದರೋ ಪೂರ್ತಿಯಾಗಿ ನೀರಿನ ಸ್ನೇಹಿತ. ಅದಕ್ಕೆ ಗಡಿಯ ಮೇಲೆ ಆಸೆಯಿಲ್ಲ. ಆದುದರಿಂದಲೇ ಸಿಹಿಯು ಕೆಳಗೆ ಉಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಸೀಸೆಗಳಲ್ಲಿ ಅರ್ಧದಷ್ಟು ದ್ರವವನ್ನು ತುಂಬಿರಿ: ಒಂದರಲ್ಲಿ ಸಕ್ಕರೆ ಕರಗಿಸಿದ ನೀರು, ಇನ್ನೊಂದರಲ್ಲಿ ತೊಗರಿಬೇಳೆ ಬೇಯಿಸಿ ಬಸಿದು ಆರಿಸಿದ ಕಟ್ಟು. ಎರಡನ್ನೂ ಇಪ್ಪತ್ತು ಸಲ ಚೆನ್ನಾಗಿ ಕುಲುಕಿರಿ. ಸಕ್ಕರೆಯ ನೀರಿನ ಗುಳ್ಳೆಗಳು ಕ್ಷಣದಲ್ಲಿ ಒಡೆದುಹೋಗುತ್ತವೆ. ಬೇಳೆಯ ಕಟ್ಟಿನ ನೊರೆ ಬಹಳ ಹೊತ್ತು ನಿಲ್ಲುತ್ತದೆ. ಅನಂತರ ಬೇಳೆಯ ಕಟ್ಟಿಗೆ ಎರಡು ಹನಿ ಶೇಂಗಾ ಎಣ್ಣೆ ಹಾಕಿ ಮತ್ತೆ ಕುಲುಕಿದರೆ ನೊರೆ ಕಡಮೆಯಾಗುವುದನ್ನು ಕಾಣುವಿರಿ. ಎಣ್ಣೆಯು ಗುಳ್ಳೆಗಳ ಪೊರೆಯಲ್ಲಿ ಹರಡಿ ಅದನ್ನು ಒಡೆಯುತ್ತದೆ. ಎಣ್ಣೆಯ ಈ ಗುಣವನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಸುಣ್ಣ ಮತ್ತು ಬೆಂಡೆಯ ಲೋಳೆ

ಕಬ್ಬಿನ ರಸವು ಸ್ವಭಾವತಃ ಹುಳಿ, ಅದರ ಪಿ.ಎಚ್. ಅಂಕ ಸಾಧಾರಣವಾಗಿ 5ರಿಂದ 5.5. ಹುಳಿಯಿರುವ ರಸವನ್ನು ಹಾಗೆಯೇ ಕುದಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಆಗ ಬೆಲ್ಲವು ಗಟ್ಟಿಕಟ್ಟದೆ ಮಳೆಗಾಲದಲ್ಲಿ ನೀರೊಡೆಯುತ್ತದೆ. ಇದನ್ನು ತಡೆಯಲು ಸುಣ್ಣದ ತಿಳಿಯನ್ನು ಹಾಕುತ್ತಾರೆ. ಅಂಕವು 6ನ್ನು ದಾಟಿ 6.5ರ ಒಳಗಿದ್ದರೆ ಒಳ್ಳೆಯದು. ಸುಣ್ಣ ಅತಿಯಾದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳು ಕೆಟ್ಟು ಬೆಲ್ಲ ಕಪ್ಪಾಗುತ್ತದೆ. ಹೀಗೆ ಕಡಮೆಯೂ ದೋಷ, ಹೆಚ್ಚೂ ದೋಷ.

ಎರಡನೆಯ ಸಹಾಯಕ ಬೆಂಡೆಗಿಡ. ಅದರ ಹಸಿ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ ಕಿವುಚಿದರೆ ಲೋಳೆ ಬಿಡುತ್ತದೆ. ಈ ಲೋಳೆಯ ಉದ್ದುದ್ದ ಅಣುಗಳು ಕಾದ ರಸದಲ್ಲಿ ಹೆಪ್ಪುಗಟ್ಟುತ್ತಿರುವ ಪ್ರೋಟೀನು ಮತ್ತು ಬಣ್ಣದ ಕಣಗಳನ್ನು ಒಂದಕ್ಕೊಂದು ಕಟ್ಟಿ ದೊಡ್ಡ ಮುದ್ದೆಗಳನ್ನಾಗಿ ಮಾಡುತ್ತವೆ. ಮುದ್ದೆಗಳೊಳಗೆ ಸಿಕ್ಕಿಕೊಂಡ ಗುಳ್ಳೆಗಳು ಅವನ್ನು ಮೇಲಕ್ಕೆ ತೇಲಿಸುತ್ತವೆ.

ತೆಗೆಯುವ ಹದ

ಈ ಕೆಲಸದ ಯಶಸ್ಸೆಲ್ಲ ಕಾಲವನ್ನರಿಯುವುದರಲ್ಲಿದೆ. ರಸವು ಕುದಿಯುವ ಮೊದಲೇ, ನೊರೆಯು ದಪ್ಪ ಹೊದಿಕೆಯಂತೆ ಕೂಡಿ ಅಲ್ಲಲ್ಲಿ ಬಿರುಕುಬಿಡುವಾಗ, ಅದನ್ನು ತೆಗೆಯಬೇಕು. ಆ ಹೊತ್ತಿಗೆ ಉರಿಯನ್ನು ತಗ್ಗಿಸಬೇಕು. ರಸ ಉಕ್ಕಿ ಕುದಿದರೆ ಮುದ್ದೆಗಳು ನುಚ್ಚುನೂರಾಗಿ ರಸದಲ್ಲಿ ಮತ್ತೆ ಬೆರೆಯುತ್ತವೆ. ಆಮೇಲೆ ಅವನ್ನು ತೆಗೆಯುವುದು ಬಹು ಕಷ್ಟ. ಅವಸರಪಟ್ಟು ನೊರೆಯು ಇನ್ನೂ ನೀರಾಗಿರುವಾಗಲೇ ತೆಗೆದರೂ ನಷ್ಟವೇ. ಗುಳ್ಳೆಗಳ ನಡುವೆ ಸಿಹಿ ರಸವಿರುತ್ತದೆ; ಅದು ಬಸಿದು ಕೆಳಗಿಳಿಯಲು ಕೊಂಚ ಅವಕಾಶ ಕೊಡಬೇಕು. ಸೌಟಿನ ತೂತುಗಳು ಇರುವುದು ಈ ಕಾರಣಕ್ಕಾಗಿಯೇ.

ಪಾಕವು ಗಟ್ಟಿಯಾಗುತ್ತ ಬಂದಂತೆ ನೊರೆಯ ಪಾತ್ರ ಬದಲಾಗುತ್ತದೆ. ಕೊಳೆ ಹೋದ ಮೇಲೆ ಏಳುವ ನೊರೆಯಿಂದ ಪ್ರಯೋಜನವಿಲ್ಲ. ಅದು ಉಕ್ಕಿ ಚೆಲ್ಲುತ್ತದೆ. ಆಗ ಒಂದಿಷ್ಟು ಔಡಲ ಅಥವಾ ಶೇಂಗಾ ಎಣ್ಣೆ ಹಾಕಿ ಅದನ್ನು ಅಡಗಿಸುತ್ತಾರೆ. ಸೀಸೆಯಲ್ಲಿ ನಾವು ಕಂಡದ್ದು ಇದನ್ನೇ. ಉಷ್ಣತೆಯು ಸುಮಾರು 118 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ಪಾಕದ ಹನಿಯು ತಣ್ಣೀರಿನಲ್ಲಿ ಗಟ್ಟಿ ಉಂಡೆಯಾಗುತ್ತದೆ. ಆಗ ಕೊಪ್ಪರಿಗೆಯನ್ನಿಳಿಸಿ, ಪಾಕವನ್ನು ತಿರುವಿ ಅಚ್ಚಿಗೆ ಹಾಕುತ್ತಾರೆ. 100 ಕಿಲೋ ಕಬ್ಬಿಗೆ ಸುಮಾರು 10 ಕಿಲೋ ಬೆಲ್ಲ ದೊರೆಯುತ್ತದೆ.

ಅದೇ ನಿಯಮ, ಮೀನಿನ ತೊಟ್ಟಿಯಲ್ಲಿ

ಸಮುದ್ರದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು ಇದೇ ನಿಯಮದ ಉಪಕರಣವೊಂದನ್ನು ಬಳಸುತ್ತಾರೆ. ಅದಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂದು ಹೆಸರು. ಅದರ ಕೊಳವೆಯಲ್ಲಿ ಉಪ್ಪುನೀರಿಗೆ ಅತಿ ಸಣ್ಣ ಗಾಳಿಗುಳ್ಳೆಗಳನ್ನು ಬೆರೆಸುತ್ತಾರೆ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಬಂದ ಪ್ರೋಟೀನು ನೊರೆಯಾಗಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಕೊಳವೆಯೊಳಗಿನ ನೀರಿನ ಮಟ್ಟವನ್ನು ಏರಿಸಿದರೆ ನೊರೆ ತೆಳುವಾಗಿ ಬಟ್ಟಲು ಬೇಗ ತುಂಬುತ್ತದೆ. ಇಳಿಸಿದರೆ ನೊರೆ ಬಸಿದು ಗಟ್ಟಿಯಾಗಿ, ಕಡಮೆಯಾಗಿ ಬರುತ್ತದೆ. ಹೊಸ ಉಪಕರಣವು ಮೊದಲ ಕೆಲವು ದಿನ, ಒಮ್ಮೊಮ್ಮೆ ವಾರಗಳವರೆಗೂ, ನೆಟ್ಟಗೆ ನಡೆಯುವುದಿಲ್ಲ. ತಯಾರಿಕೆಯಲ್ಲಿ ಅದರ ಒಳಮೈಗೆ ಅಂಟಿದ ಜಿಡ್ಡು ತೊಳೆದುಹೋಗುವವರೆಗೆ ನೊರೆಯು ಕಟ್ಟಲಾರದು. ಆದುದರಿಂದ ಮಟ್ಟವನ್ನು ಪದೇ ಪದೇ ಬದಲಿಸದೆ ಕಾಯಬೇಕು; ಅನಂತರ ಒಂದು ಸಲಕ್ಕೆ ಸ್ವಲ್ಪವೇ ಬದಲಿಸಿ ಒಂದು ದಿನ ನೋಡಬೇಕು.

ನೊರೆಯಿಂದ ಆಗದ ಕೆಲಸ

ನೊರೆಗೆ ಮಿತಿಯೂ ಉಂಟು. ನೀರಿನಲ್ಲಿ ಪೂರ್ತಿ ಕರಗಿದ ಲವಣಗಳನ್ನು ಅದು ಹೊರಲಾರದು. ನೀರು ನಿಂತು ಚವುಳಾದ ಭೂಮಿಯ ಕಬ್ಬಿನಲ್ಲಿ ಲವಣ ಹೆಚ್ಚು. ಎಷ್ಟು ನೊರೆ ತೆಗೆದರೂ ಆ ಬೆಲ್ಲದ ಉಪ್ಪು ರುಚಿ ಹೋಗುವುದಿಲ್ಲ. ಅದಕ್ಕೆ ಪರಿಹಾರ ಹೊಲದ ಬಸಿಗಾಲುವೆಯಲ್ಲಿದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಕೊಳೆ ಉಳಿದು ಮಂಕಾದ ಬೆಲ್ಲಕ್ಕೆ ಹೊಳಪು ಬರಿಸಲು ಕೆಲವರು ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟನ್ನು ಹಾಕುವುದುಂಟು. ಅದು ಕೊಳೆಯನ್ನು ತೆಗೆಯುವುದಿಲ್ಲ; ಬಣ್ಣದ ಅಣುಗಳನ್ನು ಮಾರ್ಪಡಿಸಿ ಮರೆಮಾಡುತ್ತದೆ. ಗಾಳಿಯ ಆಮ್ಲಜನಕದ ಸಂಪರ್ಕದಿಂದ ಬಣ್ಣವು ಕಾಲಕ್ರಮದಲ್ಲಿ ಮರಳಿ ಬರುತ್ತದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈ ಆಕ್ಸೈಡ್ ಉಬ್ಬಸದವರಿಗೆ ವಿಶೇಷವಾಗಿ ಅಪಾಯಕರ. ಆದುದರಿಂದಲೇ ಆಹಾರ ಕಾಯಿದೆಯು ಅದಕ್ಕೆ ಮಿತಿಯನ್ನು ಗೊತ್ತುಮಾಡಿದೆ.

ಅಚ್ಚಬಿಳುಪಾದ ಬೆಲ್ಲಕ್ಕೇ ಹೆಚ್ಚು ಬೆಲೆ ಕೊಡುವ ಪೇಟೆಯು ಬೆಳೆಗಾರನನ್ನು ಈ ದಾರಿಗೆ ತಳ್ಳುತ್ತದೆ. ಸುಣ್ಣವನ್ನು ಅಳತೆಯರಿತು ಹಾಕಿ, ಬೆಂಡೆಯ ಲೋಳೆಯಿಂದ ಕೊಳೆಯನ್ನು ಕೂಡಿಸಿ, ನೊರೆಯನ್ನು ಸಕಾಲದಲ್ಲಿ ತೆಗೆದರೆ ಬೆಲ್ಲಕ್ಕೆ ತಾನಾಗಿಯೇ ಹೊನ್ನಿನ ಕಂದುಬಣ್ಣ ಬರುತ್ತದೆ. ಆ ಬಣ್ಣವನ್ನು ಗುರುತಿಸಿ ಕೊಳ್ಳುವುದನ್ನು ನಾವು ಕಲಿತರೆ, ಕೊಪ್ಪರಿಗೆಯ ಬಳಿ ತಾಳ್ಮೆಯಿಂದ ನಿಲ್ಲುವವನ ಶ್ರಮಕ್ಕೆ ತಕ್ಕ ಬೆಲೆ ಸಿಕ್ಕೀತು.