ಕೊಳ್ಳುವವರ ಹೊಸ ಪ್ರಶ್ನೆಗಳೂ ನಮ್ಮ ತೋಟದ ಉತ್ತರವೂ



ಹಿಂದೆ ನಮ್ಮ ಕಾಫಿಯನ್ನು ಕೊಳ್ಳುವವರು ಕೇಳುತ್ತಿದ್ದುದು ಮುಖ್ಯವಾಗಿ ಮೂರು ಮಾತು: ಬೀಜದ ಗಾತ್ರ ಹೇಗಿದೆ, ತೇವಾಂಶ ಎಷ್ಟಿದೆ, ಕಪ್ಪು ಬೀಜ ಎಷ್ಟಿದೆ. ಈ ಮಾತುಗಳು ಇಂದಿಗೂ ಇವೆ. ಆದರೆ ಇವುಗಳ ಜೊತೆಗೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಈ ಬೆಳೆ ಬಂದ ಜಾಗ ಯಾವುದು? ಅದಕ್ಕಾಗಿ ಕಾಡು ಕಡಿದಿದ್ದೀರಾ? ಯಾವ ಔಷಧಿ ಹೊಡೆದಿದ್ದೀರಿ? ಹೇಗೆ ಒಣಗಿಸಿದ್ದೀರಿ? ತಾನು ಸೇವಿಸುವ ಪದಾರ್ಥ ತನ್ನ ಮೈಗೂ ಒಳ್ಳೆಯದಾಗಿರಬೇಕು, ಅದು ಬೆಳೆದ ನೆಲಕ್ಕೂ ಕೇಡಾಗಿರಬಾರದು ಎಂದು ಗ್ರಾಹಕನು ಬಯಸತೊಡಗಿದ್ದಾನೆ. ನಮ್ಮ ದೇಶದ ಕಾಫಿಯ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ; ಇಟಲಿ, ಜರ್ಮನಿಗಳು ಅದರ ದೊಡ್ಡ ಗಿರಾಕಿಗಳು. ಆದುದರಿಂದ ಅಲ್ಲಿಯ ಅಡುಗೆಮನೆಯಲ್ಲಿ ಎದ್ದ ಪ್ರಶ್ನೆ ಇಂದಲ್ಲ ನಾಳೆ ನಮ್ಮ ಕಣಕ್ಕೆ ಬಂದೇ ಬರುತ್ತದೆ.

ಈ ಪ್ರಶ್ನೆಗಳಿಗೆ ಉತ್ತರವು ಬಹುಮಟ್ಟಿಗೆ ನಮ್ಮ ತೋಟದಲ್ಲಿಯೇ ಇದೆ. ಅದನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳುವುದು, ಬರೆದಿಟ್ಟು ತೋರಿಸುವುದು, ಇವೆರಡೇ ನಮ್ಮ ಕೆಲಸ ಎಂಬುದು ಈ ಪಾಠದ ತಾತ್ಪರ್ಯ.

ಸಣ್ಣ ಬೆಳೆಗಾರರಿಂದಲೇ ಆದ ಆರಂಭ

ಈ ಒಲವು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1988ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ‘ಮ್ಯಾಕ್ಸ್ ಹ್ಯಾವೆಲಾರ್’ ಎಂಬ ಚೀಟಿ ಅಂಟಿಸಿದ ಕಾಫಿ ಅಂಗಡಿಗಳಿಗೆ ಬಂತು. ಬೆಳೆದವನಿಗೆ ನ್ಯಾಯವಾದ ಬೆಲೆ ಸಿಕ್ಕಿದೆ ಎಂಬುದಕ್ಕೆ ಆ ಚೀಟಿ ಗುರುತು. ಆ ಕಾಫಿಯನ್ನು ಬೆಳೆದವರು ಮೆಕ್ಸಿಕೋ ದೇಶದ ಓಹಾಕಾ ಬೆಟ್ಟಗಳ ಸಣ್ಣ ಹಿಡುವಳಿದಾರರು. ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡವರು. ಒಬ್ಬೊಬ್ಬರ ಕಾಫಿ ಕೆಲವೇ ಮೂಟೆ. ಸಂಘವಿಲ್ಲದೆ ಅವರಲ್ಲಿ ಯಾರೊಬ್ಬರೂ ಹೊರದೇಶದ ಗ್ರಾಹಕನನ್ನು ತಲುಪುತ್ತಿರಲಿಲ್ಲ. ಇದನ್ನು ನಾವು ನೆನಪಿಡಬೇಕು.

ಕಾಡಿನ ಪ್ರಶ್ನೆ

ಯೂರೋಪಿನ ಒಕ್ಕೂಟವು 2023ರಲ್ಲಿ ಒಂದು ಕಾನೂನು ತಂದಿತು. ಅದರಂತೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಬೆಳೆಯನ್ನು ಅಲ್ಲಿ ಮಾರುವಂತಿಲ್ಲ. ಈ ಪಟ್ಟಿಯಲ್ಲಿ ಕಾಫಿ, ಕೋಕೋ, ರಬ್ಬರ್, ತಾಳೆಎಣ್ಣೆ, ಸೋಯಾ, ಮರಮುಟ್ಟು ಮತ್ತು ದನದ ಉತ್ಪನ್ನಗಳಿವೆ. ಅಡಿಕೆ, ಮೆಣಸು ಇದರಲ್ಲಿಲ್ಲ. ಆದರೆ ಅಡಿಕೆಯ ಕೆಳಗೆ ನಾವು ಬೆಳೆಯುವ ಕೋಕೋ ಇದೆ ಎಂಬುದನ್ನು ಗಮನಿಸಬೇಕು.

ಕಾಫಿ ಬೆಳೆದ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಕೊಡಬೇಕೆಂಬುದು ಇದರ ಮುಖ್ಯ ನಿಯಮ. 4 ಹೆಕ್ಟೇರಿಗಿಂತ ಹೆಚ್ಚಿನ ತುಂಡಾದರೆ ಸುತ್ತಳತೆಯನ್ನೂ, ಅದಕ್ಕಿಂತ ಕಡಿಮೆಯಾದರೆ ಒಂದು ಬಿಂದುವನ್ನೂ ಗುರುತಿಸಿದರೆ ಸಾಕು. ಕಾನೂನಿನ ಜಾರಿಯನ್ನು 2024ರ ಮತ್ತು 2025ರ ಕೊನೆಯಲ್ಲಿ ಎರಡು ಸಲ ಮುಂದೂಡಲಾಯಿತು; ಎರಡನೆಯ ಸಲ ದೊಡ್ಡ ಮತ್ತು ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30 ಎಂದು ಗೊತ್ತುಮಾಡಲಾಯಿತು. 2025ರ ಮೇ ತಿಂಗಳಿನಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಸಾಲಿಗೆ ಸೇರಿಸಿದ್ದು ನಮಗೆ ಅನುಕೂಲ. ಆದರೂ ಜಾಗದ ಗುರುತು ಕೊಡುವ ಹೊಣೆ ತಪ್ಪಿದ್ದಲ್ಲ. ಅಜ್ಜನ ಕಾಲದ ತೋಟಕ್ಕೆ ಭಯವಿಲ್ಲ. ಭಯವಿರುವುದು ತೋಟದ ಅಂಚಿನ ಕಾಡನ್ನು ಈಚೆಗೆ ಸೇರಿಸಿಕೊಂಡವರಿಗೆ. ಒಬ್ಬನ ಅಂತಹ ನಾಲ್ಕು ಮೂಟೆ ಸೇರಿದರೆ ಸಂಘದ ಇಡೀ ರಾಶಿಯೇ ಅನುಮಾನಕ್ಕೆ ಒಳಗಾಗುತ್ತದೆ.

ನೆರಳಿನ ಬೆಲೆ

ಲೋಕದ ಹಲವು ಕಡೆ ಕಾಫಿಯನ್ನು ಬಯಲಿನಲ್ಲಿ ಬೆಳೆಯುತ್ತಾರೆ. ನಮ್ಮದು ಅತ್ತಿ, ಬಸರಿ, ಹಲಸು, ಮತ್ತಿ, ಹಾಲುವಾಣಗಳ ಕೆಳಗಿನ ಕಾಫಿ. ಎಲೆ ಉದುರಿ ಗೊಬ್ಬರವಾಗುತ್ತದೆ, ಹಕ್ಕಿಗೆ ಹಣ್ಣು ಸಿಗುತ್ತದೆ, ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ. ಇಂತಹ ಕಾಫಿಯನ್ನು ಹುಡುಕಿಕೊಂಡು ಬರುವವರಿದ್ದಾರೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯವರು ‘ಹಕ್ಕಿಸ್ನೇಹಿ’ ಎಂಬ ಗುರುತು ಕೊಡಬೇಕಾದರೆ ಸಾವಯವ ಬೇಸಾಯದ ಜೊತೆಗೆ ಕನಿಷ್ಠ ನೂರಕ್ಕೆ 40ರಷ್ಟು ನೆರಳು ಇರಬೇಕೆಂದು ಕೇಳುತ್ತಾರೆ.

ಹೀಗಿರುವಾಗ ಕಾಫಿಗೆ ಬೆಲೆ ಏರಿದ ವರ್ಷ ನಮ್ಮಲ್ಲಿ ಕೆಲವರು ಕಾಡುಮರ ಕಡಿದು ಬರೀ ಸಿಲ್ವರ್ ಓಕ್ ನಿಲ್ಲಿಸುತ್ತಿರುವುದು ಯೋಚಿಸಬೇಕಾದ ವಿಷಯ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಧಾರ, ನಿಜ. ಆದರೆ ಅತ್ತಿಯ ಮರ ಒಂದು ದಿನದಲ್ಲಿ ಉರುಳಿದರೆ ಅದು ಮತ್ತೆ ಬರಲು ಒಂದು ತಲೆಮಾರು ಬೇಕು. ನೆರಳು ಅತಿಯಾದರೆ ಕೊಳೆರೋಗ ಬರುವುದೂ ಸತ್ಯವೇ. ಅದಕ್ಕೆ ಕಾಲಕಾಲಕ್ಕೆ ಮರಗಸಿ ಮಾಡುವುದು ಮದ್ದು; ಬುಡಕ್ಕೆ ಕೊಡಲಿ ಹಾಕುವುದಲ್ಲ.

ಔಷಧಿಯ ಪ್ರಶ್ನೆ

ಕಾಸರಗೋಡು, ದಕ್ಷಿಣ ಕನ್ನಡಗಳ ಗೇರು ತೋಟಗಳ ಸುತ್ತಲಿನ ಊರುಗಳು ಎಂಡೋಸಲ್ಫಾನಿನಿಂದ ಪಟ್ಟ ಪಾಡು ನಮ್ಮ ಮುಂದೆಯೇ ಇದೆ. ಅದನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಿತು. ಕಾಂಡಕೊರಕಕ್ಕೆ ಬಳಸುತ್ತಿದ್ದ ಲಿಂಡೇನ್ 2013ರಿಂದ ನಿಷಿದ್ಧ. ಕ್ಲೋರ್‌ಪೈರಿಫಾಸ್‌ಗೆ ಯೂರೋಪು 2020ರಲ್ಲಿ ಅನುಮತಿ ಹಿಂತೆಗೆದುಕೊಂಡು, ಹೊರಗಿನಿಂದ ಬರುವ ಆಹಾರದಲ್ಲಿಯೂ ಅದರ ಉಳಿಕೆಯ ಮಿತಿಯನ್ನು ಬಹಳ ಕೆಳಗಿಳಿಸಿತು. ಅಂಗಡಿಯವನು ಕೊಟ್ಟನೆಂದು ಡಬ್ಬಿಯ ಹೆಸರನ್ನೂ ನೋಡದೆ ಹೊಡೆಯುವ ಕಾಲ ಮುಗಿಯಿತು.

ಅರೇಬಿಕಾದ ಬಿಳಿ ಕಾಂಡಕೊರಕ ಬಿಸಿಲು ಬೀಳುವ ಗಿಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಹಾರಾಟ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ತಿಂಗಳುಗಳಲ್ಲಿ. ಆದುದರಿಂದ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿಯೇ ಹುಳ ಬಿದ್ದ ಗಿಡಗಳನ್ನು ಗುರುತಿಸಿ, ಕಿತ್ತು, ಸುಡಬೇಕು. ನೂರಕ್ಕೆ 10ರ ಸುಣ್ಣದ ದ್ರಾವಣವನ್ನು ಕಾಂಡಕ್ಕೆ ಹೊಡೆದರೆ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಕಾಯಿಕೊರಕಕ್ಕೆ ಗಿಡದಲ್ಲಿ ಉಳಿದ ಹಣ್ಣನ್ನೂ ನೆಲಕ್ಕೆ ಬಿದ್ದುದನ್ನೂ ಆರಿಸುವುದೇ ಮೊದಲ ಔಷಧಿ.

ಕಣದ ಶುಚಿತ್ವ

ಮಣ್ಣಿನ ನೆಲದ ಮೇಲೆ ರಾಶಿ ಹಾಕಿ ನಿಧಾನವಾಗಿ ಒಣಗಿಸಿದ ಕಾಫಿಯಲ್ಲಿ ಬೂಷ್ಟು ಬೆಳೆದು ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಇದು ಮೂತ್ರಪಿಂಡಕ್ಕೆ ಕೇಡು. ಹುರಿದರೂ ಪೂರ್ತಿ ಹೋಗುವುದಿಲ್ಲ. ಯೂರೋಪು 2023ರಿಂದ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5ರಿಂದ 3 ಮೈಕ್ರೋಗ್ರಾಮಿಗೆ ಇಳಿಸಿದೆ. ಶುಚಿಯಾದ ಕಣದಲ್ಲಿ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಸಂಜೆ ಮುಚ್ಚಿ, ಪಾರ್ಚ್‌ಮೆಂಟನ್ನು 10, ಅರೇಬಿಕಾ ಚೆರಿಯನ್ನು 10.5, ರೊಬಸ್ಟಾ ಚೆರಿಯನ್ನು 11ರ ತೇವಾಂಶಕ್ಕೆ ತರಬೇಕು. ತೂಕದ ಆಸೆಗೆ ಹಸಿಯಾಗಿ ಕಟ್ಟಿದ ಮೂಟೆ ಕುಡಿಯುವವನ ಆರೋಗ್ಯಕ್ಕೂ ನಮ್ಮ ಹೆಸರಿಗೂ ಮುಳುವು.

ಅಡಿಕೆಯ ವಿಷಯ

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ನಮ್ಮ ಮನೆ ನಡೆಸಿದೆ, ಮಕ್ಕಳನ್ನು ಓದಿಸಿದೆ, ತಾಂಬೂಲದಲ್ಲಿ ಮಾನ ಪಡೆದಿದೆ. ಆದರೂ ಅದನ್ನು ಆರೋಗ್ಯದ ಆಹಾರವೆಂದು ಮಾರಲು ಹೊರಡುವುದು ಸರಿಯಲ್ಲ. ಅಡಿಕೆ ತೋಟದ ಭವಿಷ್ಯವನ್ನು ಅಡಿಕೆಯೊಂದರ ಮೇಲೆಯೇ ನಿಲ್ಲಿಸದಿರುವುದು ಜಾಣತನ. ಅದೇ ತೋಟದ ಮೆಣಸು, ಕೋಕೋ, ಬಾಳೆ, ಜಾಯಿಕಾಯಿ, ಬೇಲಿಯ ಪುನರ್ಪುಳಿ, ಹಿತ್ತಲಿನ ಹಲಸು, ಇವೆಲ್ಲ ಇಂದಿನ ಗ್ರಾಹಕ ಬಯಸುವ ಪದಾರ್ಥಗಳೇ. ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದು, ಉಪಬೆಳೆಗೂ ಸಹಕಾರದಿಂದ ಮಾರುಕಟ್ಟೆ ಮಾಡಬಹುದೆಂದು ತೋರಿಸಿದೆ.

ಸಾವಯವಕ್ಕೆ ಇಳಿಯುವ ಮುನ್ನ

ಪ್ರಮಾಣಪತ್ರದ ಆಸೆಗೆ ಆತುರಪಡಬಾರದು. ಕಾಫಿಯಂತಹ ಬಹುವಾರ್ಷಿಕ ಬೆಳೆಗೆ ಸಾವಯವ ಪರಿವರ್ತನೆಯ ಅವಧಿ 3 ವರ್ಷ. ಆ ಅವಧಿಯಲ್ಲಿ ಫಸಲು ಇಳಿಯಬಹುದು, ಹೆಚ್ಚಿನ ಬೆಲೆಯೂ ಸಿಗದು. ಒಬ್ಬನೇ ಪರೀಕ್ಷೆಯ ಖರ್ಚು ಹೊರುವುದು ಕಷ್ಟ. ಗುಂಪಾಗಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಕೊಳ್ಳುವವರು ಯಾರೆಂದು ಮೊದಲು ವಿಚಾರಿಸಿ, ಆಮೇಲೆ ಹೆಜ್ಜೆ ಇಡುವುದು ಲೇಸು.

ಈಗಲೇ ಮಾಡಬೇಕಾದ್ದು

ಮೊನ್ನೆ ಸಂಘದ ಜಗಲಿಯಲ್ಲಿ ಕುಳಿತಾಗ ನಾವು ನಾವೇ ಕೇಳಿಕೊಂಡೆವು: ಹೋದ ವರ್ಷ ತೋಟಕ್ಕೆ ಯಾವ ಔಷಧಿಯನ್ನು ಯಾವ ತಾರೀಕು ಹೊಡೆದೆವು? ಒಬ್ಬರಿಗೂ ತಾರೀಕು ನೆನಪಿರಲಿಲ್ಲ. ಕೂಲಿಯ ಲೆಕ್ಕ ಮಾತ್ರ ಎಲ್ಲರ ಬಳಿಯೂ ಪೈಸೆ ಸಹಿತ ಇತ್ತು! ಅದೇ ಪುಸ್ತಕದಲ್ಲಿ ಇನ್ನು ನಾಲ್ಕು ಗೆರೆ ಹೆಚ್ಚಿಗೆ ಬರೆದರೆ ಸಾಕು.

1. ಪಹಣಿ, ನಕ್ಷೆ ಮತ್ತು ಜಾಗದ ಗುರುತನ್ನು ಒಂದೇ ಕಡೆ ಸೇರಿಸಿಡಿ. ಗುರುತು ಹಿಡಿಯಲು ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯನ್ನು ಕೇಳಿರಿ.

2. ಔಷಧಿಯ ಹೆಸರು, ಪ್ರಮಾಣ, ತಾರೀಕು ಬರೆದಿಡಿ. ಖರೀದಿಯ ರಶೀದಿ ಎಸೆಯಬೇಡಿ.

3. ತೋಟದ ನೆರಳಿನ ಮರಗಳನ್ನು ಜಾತಿವಾರು ಎಣಿಸಿ ಪಟ್ಟಿ ಮಾಡಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಸಂತೋಷದಿಂದ ಮಾಡುತ್ತಾರೆ.

4. ಕೊಯ್ದ ದಿನ, ಒಣಗಿಸಿದ ದಿನಗಳು, ಮೂಟೆ ಕಟ್ಟುವಾಗಿನ ತೇವಾಂಶ, ಇಷ್ಟನ್ನು ಪ್ರತಿ ರಾಶಿಗೂ ಬರೆಯಿರಿ.

ಕೊಳ್ಳುವವನು ಪ್ರಶ್ನೆ ಕೇಳುವುದು ನಮ್ಮ ಮೇಲಿನ ದ್ವೇಷದಿಂದಲ್ಲ. ನಾವೂ ಸಂತೆಯಲ್ಲಿ ತರಕಾರಿ ಕೊಳ್ಳುವಾಗ ಇದಕ್ಕೆ ಏನು ಹೊಡೆದಿದ್ದಾರೋ ಎಂದು ಯೋಚಿಸುತ್ತೇವೆ. ನಮ್ಮ ಮಕ್ಕಳಿಗೆ ಯಾವುದನ್ನು ಕುಡಿಯಲು ಕೊಡುತ್ತೇವೆಯೋ ಅಂತಹುದನ್ನೇ ಮೂಟೆಗೂ ತುಂಬೋಣ. ತುಂಬಿದ್ದೇವೆಂಬುದಕ್ಕೆ ಪುಸ್ತಕವನ್ನು ಸಾಕ್ಷಿಯಾಗಿ ಇಡೋಣ.