‘ನೈಸ್’ ಎಂಬ ಶಬ್ದದ ನಾನಾರ್ಥಗಳು

ಊಟ, ಉಡುಪು, ಹಾಡು, ಹವೆ ಎಲ್ಲವನ್ನೂ ನಮ್ಮ ಬಾಲಿಕೆಯರು ‘ನೈಸ್’ ಎಂಬ ಒಂದೇ ಇಂಗ್ಲಿಷ್ ಶಬ್ದದಿಂದ ಹೊಗಳುವುದುಂಟು. ಇದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ‘ಅರಿಯದವನು’ ಎಂದರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ‘ಮೂಢ’ ಎಂಬ ನಿಂದೆಯಾಗಿತ್ತು. ಕ್ರಮೇಣ ‘ನಾಜೂಕಾದ’, ‘ಸೂಕ್ಷ್ಮವಾದ’ ಎಂಬರ್ಥಗಳನ್ನು ತಾಳಿ, 18ನೆಯ ಶತಮಾನದಲ್ಲಿ ‘ಹಿತವಾದ’ ಎಂದಾಯಿತು. ಈಗಲೂ ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಸೂಕ್ಷ್ಮಭೇದ. ‘ನೈಸ್ ಮೆಸ್’ ಎಂಬುದೋ ವ್ಯಂಗ್ಯ, ಒಳ್ಳೆಯ ಪೇಚಾಟವೆಂದು! ನಮ್ಮ ಆಡುಮಾತಿನಲ್ಲಂತೂ ಹಿಟ್ಟನ್ನು ‘ನೈಸಾಗಿ’ ರುಬ್ಬುವರು. ‘ನೈಸ್ ಮಾಡುವುದು’ ಎಂದರೆ ಪುಸಲಾಯಿಸುವುದು.

ಸೂಕ್ಷ್ಮವಿವೇಚನೆಯನ್ನು ಸೂಚಿಸಿದ ಶಬ್ದವೇ ಇಂದು ವಿವೇಚನೆಯ ಶ್ರಮವನ್ನು ತಪ್ಪಿಸುವ ಉಪಾಯವಾಗಿರುವುದು. 1817ರಲ್ಲಿ ಅಚ್ಚಾದ ‘ನಾರ್ಥ್ಯಾಂಗರ್ ಅಬ್ಬಿ’ ಕಾದಂಬರಿಯಲ್ಲಿ ಜೇನ್ ಆಸ್ಟೆನ್ ಇದನ್ನೇ ಪರಿಹಾಸ್ಯ ಮಾಡಿರುವಳು. ಆದುದರಿಂದ ಪ್ರಬಂಧದಲ್ಲಿ ಈ ಶಬ್ದವು ಕಂಡೊಡನೆ ನಾವು ‘ಹೇಗೆ ಚೆನ್ನಾಗಿತ್ತು?’ ಎಂದು ಕೇಳುವೆವು. ತಾಯ್ತಂದೆಗಳೂ ಹಾಗೆಯೇ ಕೇಳಲಿ. ಉತ್ತರವನ್ನು ಹುಡುಕುತ್ತ ಹುಡುಗಿಯು ತಾನು ಕಂಡುದನ್ನು ನಿಜವಾಗಿ ನೋಡಲು ಕಲಿಯುವಳು.