ಎಬ್ಬಿಸಿದ್ದು ಯಾರು ಅಂತ ಮೊದಲು ಕೇಳು

ರಿಪೇರಿ ಕೆಲಸಕ್ಕೆ ಇಳಿದಿದ್ದೀಯ, ಸಂತೋಷ ಕಣಪ್ಪ. ಇನ್ನು ಸ್ವಲ್ಪ ದಿನದಲ್ಲಿ ಒಂದು ದೂರು ನಿನ್ನ ಮೇಜಿಗೆ ಬಂದೇ ಬರುತ್ತೆ: ‘ರಾತ್ರಿ ಆಫ್ ಮಾಡಿ ಮಲಗಿದ್ದೆ ಸಾರ್, ಬೆಳಿಗ್ಗೆ ನೋಡಿದ್ರೆ ಕಂಪ್ಯೂಟರ್ ತಾನೇ ಆನ್ ಆಗಿ ಕೂತಿದೆ.’ ವೈರಸ್ಸೋ, ಯಾರಾದರೂ ಹ್ಯಾಕ್ ಮಾಡಿದರೋ ಅಂತ ಅವರಿಗೆ ದಿಗಿಲು. ಆ ದಿಗಿಲನ್ನೇ ಬಂಡವಾಳ ಮಾಡಿಕೊಂಡು ಫಾರ್ಮ್ಯಾಟ್ ಹೊಡೆದು, ಎಸ್‌ಎಂಪಿಎಸ್ ಬದಲಿಸಿ ಬಿಲ್ ಬರೆಯುವವರು ನಮ್ಮ ಕಸುಬಿನಲ್ಲಿ ಇದ್ದಾರೆ. ನೀನು ಆ ಸಾಲಿಗೆ ಸೇರಬೇಡ. ಕಂಪ್ಯೂಟರ್ ಸುಮ್ಮನೆ ಎದ್ದೇಳಲ್ಲ. ಯಾವುದೋ ಸೆಟ್ಟಿಂಗು, ಟೈಮರು, ಇಲ್ಲವೇ ಕೆಟ್ಟ ಸ್ವಿಚ್ಚು ಅದನ್ನು ಎಬ್ಬಿಸಿರುತ್ತೆ. ಯಾವುದು ಅಂತ ಗೊತ್ತಾಗೋವರೆಗೂ ಸ್ಕ್ರೂಡ್ರೈವರ್ ಕೆಳಗಿರಲಿ.

ಆಫ್ ಅನ್ನುವುದು ಪೂರ್ತಿ ಆಫ್ ಅಲ್ಲ, ಇದು ಮೊದಲು ಮನಸ್ಸಿಗೆ ಇಳಿಯಬೇಕು. ಹಳೆಯ ಎಟಿ ಕ್ಯಾಬಿನೆಟ್ಟುಗಳಲ್ಲಿ ಮುಂದಿನ ಸ್ವಿಚ್ಚು ಕರೆಂಟನ್ನೇ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ತಂದಮೇಲೆ ಆ ಕಾಲ ಹೋಯಿತು. ಈಗ ಗೋಡೆಯ ಸ್ವಿಚ್ ಹಾಕಿದ್ದಷ್ಟು ಹೊತ್ತೂ ಎಸ್‌ಎಂಪಿಎಸ್‌ನ ನೇರಳೆ ವೈರಿನಲ್ಲಿ 5 ವೋಲ್ಟ್ ಇದ್ದೇ ಇರುತ್ತೆ, ಮದರ್‌ಬೋರ್ಡಿನ ಒಂದು ಭಾಗ ಎಚ್ಚರವಾಗೇ ಇರುತ್ತೆ. ಮುಂದಿನ ಬಟನ್ ಮಾಡುವುದು ಎರಡು ಪಿನ್ನುಗಳನ್ನು ಕ್ಷಣಕಾಲ ಮುಟ್ಟಿಸುವ ಕೆಲಸ ಮಾತ್ರ. ಅದನ್ನು ಕಂಡ ಬೋರ್ಡು ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತೆ, ಎಸ್‌ಎಂಪಿಎಸ್ ಪೂರ್ತಿ ಶುರುವಾಗುತ್ತೆ. ಈ ಅಪ್ಪಣೆ ಕೊಡಲು ಬಟನ್ನೇ ಬೇಕಿಲ್ಲ. ಕೀಬೋರ್ಡು, ನೆಟ್‌ವರ್ಕ್ ಕಾರ್ಡು, ಬೋರ್ಡಿನ ಗಡಿಯಾರ, ಇವೂ ಕೊಡಬಲ್ಲವು.

ಹಾಗಾಗಿ ಗಿರಾಕಿಯನ್ನು ಕೂರಿಸಿ ಮಾತಾಡಿಸು. ಯಾವಾಗ ಆನ್ ಆಗುತ್ತೆ? ಕರೆಂಟು ಹೋಗಿ ಬಂದಾಗಲಾ? ನಮ್ಮೂರುಗಳಲ್ಲಿ ನಾನು ಹೆಚ್ಚಾಗಿ ಕಂಡ ಉತ್ತರ ಇದೇ. ಹಾಗಿದ್ದರೆ ಬಯಾಸ್ ಒಳಗೆ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅದಕ್ಕೆ ಹತ್ತಿರದ ಹೆಸರಿನ ಒಂದು ಸಾಲು ಇರುತ್ತೆ, ಹುಡುಕು. ಅದು ‘ಪವರ್ ಆನ್’ ಅಂತಿದ್ದರೆ ಕರೆಂಟು ಬಂದ ಕೂಡಲೇ ಯಂತ್ರ ಏಳುವುದು ಸರಿಯಾಗೇ ಇದೆ. ಬದಲಿಸುವ ಮುನ್ನ ಆ ಕಂಪ್ಯೂಟರ್ ಏನು ಕೆಲಸಕ್ಕಿದೆ ಅಂತ ಕೇಳು. ಸಿಸಿಟಿವಿ ರೆಕಾರ್ಡ್ ಮಾಡುವ ಯಂತ್ರವೋ ಸರ್ವರೋ ಆಗಿದ್ದರೆ ಯಾರೋ ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಅದನ್ನು ನೀನು ಆಫ್ ಮಾಡಿಬಿಟ್ಟರೆ ಮಧ್ಯರಾತ್ರಿ ಕರೆಂಟು ಹೋಗಿ ಬಂದಮೇಲೆ ಕ್ಯಾಮೆರಾ ರೆಕಾರ್ಡಿಂಗ್ ನಿಂತೇ ಇರುತ್ತೆ. ಹಾಗೇ ತಾರೀಕು, ಗಂಟೆ ಸರಿ ಇದೆಯಾ ನೋಡು. ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಸೆಲ್ ಮುಗಿದಿರಬಹುದು. ಆಗ ನೀನು ಮಾಡಿದ ಸೆಟ್ಟಿಂಗೂ ಉಳಿಯಲ್ಲ.

ದಿನಾ ಒಂದೇ ಹೊತ್ತಿಗೆ ಏಳುತ್ತಾ? ಹಾಗಾದರೆ ಟೈಮರನ್ನು ಹುಡುಕು. ಬಯಾಸ್‌ನಲ್ಲೇ ಅಲಾರಂ ಇಟ್ಟಿರಬಹುದು. ಇಲ್ಲವೆಂದರೆ ಗಿರಾಕಿ ಮಾಡಿದ್ದು ಶಟ್‌ಡೌನಾ, ಸ್ಲೀಪಾ ವಿಚಾರಿಸು. ಸ್ಕ್ರೀನ್ ಕಪ್ಪಾದರೆ ಆಫ್ ಆಯ್ತು ಅಂದುಕೊಳ್ಳುವವರು ಬಹಳ. ಸ್ಲೀಪಿನಲ್ಲಿದ್ದ ವಿಂಡೋಸನ್ನು ಅಪ್‌ಡೇಟೋ ಬ್ಯಾಕಪ್ಪೋ ಎಬ್ಬಿಸುವುದು ಮಾಮೂಲಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್’ ಕೊಡು, ಕೊನೆಯ ಸಲ ಎಬ್ಬಿಸಿದ್ದು ಯಾವುದು ಅಂತ ಸಾಮಾನ್ಯವಾಗಿ ತೋರಿಸುತ್ತೆ. ಆದರೆ ರೀಸ್ಟಾರ್ಟ್ ಮಾಡುವ ಮುನ್ನವೇ ಕೇಳಬೇಕು. ‘/ವೇಕ್‌ಟೈಮರ್ಸ್’ ಅಂದರೆ ಮುಂದೆ ಎಬ್ಬಿಸಲು ಕಾದಿರುವ ಟೈಮರುಗಳು ಸಿಗುತ್ತವೆ. ಇನ್ನೊಂದು ಗೊಂದಲ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಈಚೆಗೆ ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ಅರ್ಧ ಹೈಬರ್ನೇಟೇ. ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಮಾಡಿಸಿ ನೋಡು.

ಹೊತ್ತುಗೊತ್ತಿಲ್ಲದೆ ಏಳುತ್ತೆ ಅಂದರೆ ಮೌಸ್ ಮತ್ತು ಲ್ಯಾನ್ ಮೇಲೆ ಕಣ್ಣಿಡು. ಮೇಜು ಅಲುಗಿದರೂ ಮೌಸು ಸ್ಲೀಪಿನಿಂದ ಎಬ್ಬಿಸುತ್ತೆ. ನೆಟ್‌ವರ್ಕಿನದು ಸ್ವಲ್ಪ ಸ್ವಾರಸ್ಯದ ಕತೆ. ದೂರದಿಂದ ಎಬ್ಬಿಸಲು ‘ಮ್ಯಾಜಿಕ್ ಪ್ಯಾಕೆಟ್’ ಅಂತ ಒಂದಿದೆ. ಅದರಲ್ಲಿ ಮೊದಲು 6 ಬೈಟು ಬರೀ ಎಫ್‌ಎಫ್, ಆಮೇಲೆ ಆ ಕಾರ್ಡಿನ ಮ್ಯಾಕ್ ವಿಳಾಸ 16 ಸಲ. ಇಷ್ಟು ಖಚಿತವಾದ ಸಂಕೇತ ಆಕಸ್ಮಿಕವಾಗಿ ಹುಟ್ಟಲ್ಲ. ಆದರೆ ಬೇರೆ ಬಗೆಯ ಪ್ಯಾಕೆಟ್‌ಗೂ ಏಳುವಂತೆ ಕಾರ್ಡನ್ನು ಬಿಟ್ಟಿದ್ದರೆ ನೆಟ್‌ವರ್ಕಿನ ಮಾಮೂಲಿ ಓಡಾಟವೇ ಎಬ್ಬಿಸಿಬಿಡಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಏಳುವ ಹಾಗೆ ಟಿಕ್ ಹಾಕು. ಅದಕ್ಕೂ ಸುಲಭದ ಪರೀಕ್ಷೆ ಬೇಕಾದರೆ ರಾತ್ರಿ ಕೇಬಲ್ ಕಿತ್ತಿಟ್ಟು ನೋಡು.

ಇದೆಲ್ಲ ಮುಗಿದರೂ ಕಾಟ ತಪ್ಪದಿದ್ದರೆ ಈಗ ಕ್ಯಾಬಿನೆಟ್ ತೆಗೆ. ಮುಂದಿನ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು, ಧೂಳು ತೇವ ಸೇರಿ ಶಾರ್ಟ್ ಆಗಿರಬಹುದು. ಅದರ ವೈರನ್ನು ಬೋರ್ಡಿನಿಂದ ಕಿತ್ತು, ಕರೆಂಟು ಕೊಟ್ಟು ಒಂದು ರಾತ್ರಿ ಬಿಡು. ಏಳದಿದ್ದರೆ ತಪ್ಪು ಬಟನ್ನಿನದು, ಅದು ಅಗ್ಗದ ಸಾಮಾನು. ಆಗಲೂ ಎದ್ದರೆ ಕೀಬೋರ್ಡು, ಮೌಸು, ಲ್ಯಾನು ಎಲ್ಲ ಬಿಚ್ಚಿ ನೋಡು. ಆಮೇಲಷ್ಟೇ ಚೆನ್ನಾಗಿರುವ ಬೇರೊಂದು ಎಸ್‌ಎಂಪಿಎಸ್ ಹಾಕಿ ಪರೀಕ್ಷಿಸು. ಅದಕ್ಕೂ ಏಳುತ್ತಿದ್ದರೆ ಅನುಮಾನ ಬೋರ್ಡಿನ ಮೇಲೆ. ಎಸ್‌ಎಂಪಿಎಸ್‌ನ ಮುಚ್ಚಳವನ್ನು ಮಾತ್ರ ತೆಗೆಯಬೇಡ. 230 ವೋಲ್ಟಿನ ಎಸಿ ಅದರೊಳಗೆ ಸುಮಾರು 325 ವೋಲ್ಟಿನ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತೆ, ಪ್ಲಗ್ ಕಿತ್ತಮೇಲೂ ಕೂಡಲೇ ಇಳಿಯುತ್ತೆ ಅನ್ನುವ ಭರವಸೆ ಇಲ್ಲ. ಗೊತ್ತಿದ್ದವರೂ ಹೆದರಬೇಕಾದ ಜಾಗ ಅದು.

ಬಯಾಸ್‌ನ ಒಂದು ಸಾಲಿನಲ್ಲೇ ದೂರು ಬಗೆಹರಿದರೆ, ಏನು ಬದಲಿಸಿದೆ ಅಂತ ಬಿಲ್ಲಿನ ಮೇಲೆ ಬರೆದುಕೊಡು. ನಿನ್ನ ಹೊತ್ತಿಗೆ ಕೂಲಿ ತಗೋ, ಅದಕ್ಕೆ ಸಂಕೋಚ ಬೇಡ. ಸರಿಯಾಗಿರುವ ಎಸ್‌ಎಂಪಿಎಸ್ ಬಿಚ್ಚಿ ಹೊಸದು ಕೂರಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡ.